ಎರಡು ಹೆಬ್ಬೆಟ್ಟಿನ ಸಾಲು

"ರಾಜಕುಮಾರಿ ಸೋಮಲದೇವಿ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನಿಗೆ ಅವಳನ್ನು ಧಾರೆ ಎರೆದು ಕೊಡಲಾಗುವುದು. ತಪ್ಪಿದವನ ತಲೆ ಸಂಜೆಯೊಳಗೆ ಉರುಳುವುದು."

ಹೊನ್ನಗುಡ್ಡದ ಅರಸ ಕಂಚಿರಾಯನ ಆಜ್ಞೆ ಹೀಗೆ ಆನೆ ಮೇಲಿನ ನಗಾರಿಯೊಂದಿಗೆ ಊರು ಸುತ್ತಿತು. ಎಂಥ ನಗಾರಿ ಅಂತೀರಿ, ಒಂದು ಪೆಟ್ಟು ಬಿದ್ದರೆ ಪಕ್ಕದ ರಾಜ್ಯದಲ್ಲಿ ಕಾಯಿಸಿಟ್ಟ ಹಾಲು ಒಡೆಯುತ್ತಿತ್ತು. ಕೋಟೆ ಗೋಡೆಗೆ ಸುಣ್ಣ ಬಳಿಯುತ್ತಿದ್ದ ದ್ಯಾವಣ್ಣ ಅದನ್ನು ಕೇಳಿ ಕುಂಚ ಕೆಳಗಿಟ್ಟ. ಅವನು ಯಾರ ಮುಖವನ್ನೂ ನೇರವಾಗಿ ನೋಡಿ ಬಹಳ ದಿನವಾಗಿತ್ತು.

ಆ ಗೋಡೆಯ ಸಂಗತಿ ಹೇಳಬೇಕು. ಹೊನ್ನಗುಡ್ಡದವರೆಲ್ಲ ಸೇರಿ ಬೆಳಕಿಂಡಿ ಎಂಬ ಬ್ರೌಸರ್ ಕಟ್ಟಿದ್ದರು. ಅಂಗೈಯಗಲದ ಗಾಜು. ಮನೆಯಲ್ಲೇ ಕೂತು ಇಣುಕಿದರೆ ಸಮುದ್ರದಾಚೆಯ ಸಂತೆಯ ಬದನೆಕಾಯಿಯೊಳಗಿನ ಹುಳವೂ ಕಾಣುತ್ತಿತ್ತು. ಅದನ್ನು ನಡೆಸುವ ಕೋಡ್ ಎಲ್ಲ ಕೋಟೆ ಗೋಡೆಯ ಮೇಲೆ ಬಟ್ಟಬಯಲಲ್ಲಿ ಬರೆದಿತ್ತು. ಆ ಗೋಡೆಯ ಉದ್ದಕ್ಕೂ ಹಾರಲು ಹೊರಟ ಹದ್ದು ನಡುದಾರಿಯಲ್ಲಿ ಮೊಟ್ಟೆಯಿಟ್ಟು, ಮರಿ ಬೆಳೆಸಿ, ಆಮೇಲೆ ಮುಂದೆ ಹೋಗಬೇಕು. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಬರೆಯಬಹುದು. ಆದರೆ ತಿದ್ದಿದ ಸಾಲಿಗೆ ಜೀವ ಬರಬೇಕಾದರೆ ಗೋಡೆ ಕಾಯುವವರಲ್ಲಿ ಇಬ್ಬರು ಅದನ್ನು ಓದಿ, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಕಾಯುವವರಲ್ಲಿ ಅರಮನೆಯವರೂ ಇದ್ದರು, ಸುಣ್ಣದವರೂ ಇದ್ದರು. ಯಾವ ಹೆಬ್ಬೆಟ್ಟಿನ ಪಕ್ಕದಲ್ಲೂ ಹೆಸರು ಬರೆಯುತ್ತಿರಲಿಲ್ಲ.

ಅಂಥ ಒಂದು ತಿದ್ದಿದ ಸಾಲಿನ ಸಂದಿಯಿಂದ ಕಳ್ಳ ನುಗ್ಗಿದ್ದ. ಜನ ಲೋಕ ನೋಡುವ ಗಾಜಿನಿಂದಲೇ ಅವನು ಜನರ ಮನೆಯೊಳಗನ್ನು ನೋಡಿದ. ಗಂಡ ಹೆಂಡಿರ ಗುಟ್ಟಿನ ಮಾತು ಪರವೂರ ಸಂತೆಯಲ್ಲಿ ಹಾಡಾಯಿತು. ಹೊನ್ನಗುಡ್ಡದ ಹೆಂಗಸರು ನೀರಿಗೆ ಹೋಗುವಾಗ ಸೆರಗನ್ನು ಮುಖಕ್ಕೆ ಎಳೆದುಕೊಳ್ಳತೊಡಗಿದರು.

ಸಭೆಯಲ್ಲಿ ಸೋಮಲದೇವಿ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು.

"ಒಂದು ಮನೆಯ ನಕ್ಷೆ ಬೀದಿಯಲ್ಲೇ ನೇತಾಡುತ್ತಿದೆ. ಕಳ್ಳನೂ ಓದಿಕೊಳ್ಳಬಹುದು. ಆದರೂ ಬೀಗ ಜಡಿದ ಮನೆಗಿಂತ ಅದು ಗಟ್ಟಿ. ಯಾವುದದು?"

ಮುತ್ತಿನ ವ್ಯಾಪಾರಿ ಮೀಸೆ ತೀಡಿದ. "ಸಿಂಹದ ಗವಿ. ದಾರಿ ಎಲ್ಲರಿಗೂ ಗೊತ್ತು, ಹೋಗೋ ಗಂಡು ಯಾರು?"

ಕಾವಲಿನವರು ಅವನನ್ನು ಕಂಬಕ್ಕೆ ಕಟ್ಟಿದರು.

"ಒಂದು ಸುದ್ದಿ. ಹೊತ್ತಿಗೆ ಮುಂಚೆ ಸಾರಿದರೆ ಊರು ಹಾಳು, ಮುಚ್ಚಿಟ್ಟರೂ ಊರು ಹಾಳು. ಏನದು?"

"ರಾಜನ ಕಾಯಿಲೆ," ಎಂದ ಮಂತ್ರಿಯ ಮಗ. ಅವನಿಗೂ ಒಂದು ಕಂಬ ಸಿಕ್ಕಿತು.

ಮೂರನೆಯದನ್ನು ಕೇಳುವಾಗ ಅವಳ ದನಿ ಸಣ್ಣಗಾಯಿತು. "ಇಬ್ಬರು ಓದಿದರು, ಯಾರೂ ಓದಲಿಲ್ಲ. ಏನದು?"

"ಹಣೆಬರಹ," ಎಂದ ಪಡುವಣ ಯುವರಾಜ. "ಅಪ್ಪನೂ ಓದಿದ, ಜೋಯಿಸನೂ ಓದಿದ. ತಿಳಿದದ್ದು ಯಾರಿಗೆ?"

ಸಭೆಯೆಲ್ಲ ತಲೆದೂಗಿತು. ಅವಳು ಮಾತ್ರ ತೂಗಲಿಲ್ಲ. ಕಟುಕ ಕತ್ತಿಗೆ ಸಾಣೆ ಹಿಡಿಯತೊಡಗಿದ.

ಆಗ ದ್ಯಾವಣ್ಣ ಎದ್ದು ಬಂದ.

"ಲೋ ಸುಣ್ಣದವನೇ, ಕಂಬಕ್ಕೆ ಬಳಿಯೋಕೆ ಬಂದೆಯಾ?" ಎಂದು ವ್ಯಾಪಾರಿ ಕಟ್ಟಿದ ಕಡೆಯಿಂದಲೇ ಕೆಣಕಿದ.

"ತಲೆ ಕೊಡೋಕೆ ಬಂದೆ, ಸ್ವಾಮಿ." ದ್ಯಾವಣ್ಣ ನೆಲ ನೋಡುತ್ತಲೇ ಹೇಳಿದ. "ಮೊದಲನೆಯದು ನಮ್ಮ ಬೆಳಕಿಂಡಿ, ತಾಯಿ. ಕಳ್ಳನಿಗೆ ಕಾಣೋ ಬಿರುಕು ನೆರೆಯವರಿಗೂ ಕಾಣುತ್ತೆ, ನೆರೆಯವರೇ ಹೆಚ್ಚು. ಎರಡನೆಯದು ಆ ಬಿರುಕಿನ ಸುದ್ದಿ. ಮೊದಲು ಗಾರೆಯವನ ಕಿವೀಲಿ ಹೇಳಬೇಕು. ಅವನು ಮುಚ್ಚಿ, ಮನೆ ಮನೆಗೂ ಹೊಸ ಗಾಜು ಮುಟ್ಟಿದ ಮೇಲೆ ನಗಾರಿ ಹೊಡೀಬೇಕು."

"ಮೂರನೆಯದು?"

ದ್ಯಾವಣ್ಣನೂ ಗೋಡೆ ಕಾಯುವವರಲ್ಲಿ ಒಬ್ಬ. ಹಿಂದೆ ಒಂದು ದಿನ ಪರವೂರಿನವನೊಬ್ಬ ನಗುನಗುತ್ತ ಬಂದು, ಸಾಲು ತಿದ್ದಿ, "ಅಣ್ಣ, ನಿಮ್ಮಂಥವರಿಗೆ ಇದನ್ನ ಬಿಡಿಸಿ ಹೇಳಬೇಕೇ?" ಎಂದಿದ್ದ. ನಡುವಿನ ಒಂದು ಮಾತು ದ್ಯಾವಣ್ಣನಿಗೆ ಅರ್ಥವಾಗಿರಲಿಲ್ಲ. ಕೇಳಲು ನಾಚಿಕೆಯಾಯಿತು. ಹೆಬ್ಬೆಟ್ಟು ಒತ್ತಿಬಿಟ್ಟ.

ಈಗ ಸುಣ್ಣ ಮೆತ್ತಿದ ಹೆಬ್ಬೆರಳನ್ನು ಎತ್ತಿ ಹಿಡಿದ. "ಕಳ್ಳ ನುಗ್ಗಿದ ಸಾಲು, ತಾಯಿ. ಅದರ ಪಕ್ಕ ಎರಡು ಹೆಬ್ಬೆಟ್ಟಿವೆ. ಮೊದಲನೆಯದು ಇದು. ಎರಡನೆಯವರು ಓದ್ತಾರಲ್ಲ ಅಂತ ನಾನು ಅರ್ಥ ಹಿಡಿದು ಓದಲಿಲ್ಲ. ಮೊದಲನೆಯವನು ಓದಿರ್ತಾನೆ ಅಂತ ಅವರೂ ಬಿಟ್ಟಿರಬೇಕು."

"ಆ ಎರಡನೆಯವನನ್ನೂ ಎಳೆದು ತನ್ನಿ," ಎಂದ ಕಂಚಿರಾಯ.

ಸೋಮಲದೇವಿ ಮೆಟ್ಟಿಲಿಳಿದು ಬಂದು ಕೈಗೆ ಸುತ್ತಿದ್ದ ಸೆರಗು ಬಿಚ್ಚಿದಳು. ತನ್ನ ಹೆಬ್ಬೆರಳನ್ನು ದ್ಯಾವಣ್ಣನ ಹೆಬ್ಬೆರಳ ಪಕ್ಕ ಎತ್ತಿ ಹಿಡಿದಳು.

"ಒಗಟಿನ ಅರ್ಧ ನನ್ನ ಹತ್ತಿರವೇ ಇತ್ತು, ಅಪ್ಪಾಜಿ. ಉಳಿದರ್ಧ ಯಾರ ಹತ್ತಿರ ಇದೆ ಅಂತ ಹುಡುಕಿದೆ. ಒಬ್ಬಳೇ ಒಪ್ಪಿಕೊಳ್ಳೋಕೆ ನಾಚಿಕೆ. ಅದಕ್ಕೆ ಈ ಪಾಪದವರ ತಲೆ ಪಣಕ್ಕಿಟ್ಟೆ. ಕತ್ತಿ ಬೀಸೋದಾದರೆ ನನ್ನಿಂದ ಶುರುಮಾಡಿ."

ಕಟುಕ ರಾಜನ ಮುಖ ನೋಡಿದ. ರಾಜ ತನ್ನ ಕಾಲಬೆರಳು ನೋಡಿಕೊಂಡ. ಆಮೇಲೆ ಕಂಬಗಳ ಹಗ್ಗ ತಾನೇ ಬಿಚ್ಚಿದ.

ದ್ಯಾವಣ್ಣನೂ ಸೋಮಲದೇವಿಯೂ ಗೋಡೆಗೆ ಹೋದರು. "ಈ ನಡುವಿನ ಮಾತು ಏನು, ತಾಯಿ?" ಎಂದು ದ್ಯಾವಣ್ಣ ಅಂದು ಕೇಳದಿದ್ದುದನ್ನು ಕೇಳಿದ.

"ನನಗೂ ಗೊತ್ತಿಲ್ಲ," ಎಂದಳು.

ಹಾಡುಹಗಲಲ್ಲಿ, ಊರೆಲ್ಲ ನೋಡುತ್ತಿರುವಾಗ, ಅವರು ಅದನ್ನು ಅಕ್ಷರ ಅಕ್ಷರ ಓದಿ, ಅರ್ಥ ಹಿಡಿದು, ಅಳಿಸಿ, ಸಂದಿ ಮುಚ್ಚಿದರು. ಎರಡನೆಯ ಹೆಬ್ಬೆಟ್ಟು ಒತ್ತುವವರು ಮೊದಲನೆಯವರನ್ನು ಒಂದಾದರೂ ಪ್ರಶ್ನೆ ಕೇಳಲೇಬೇಕು ಎಂಬ ಕಟ್ಟಳೆ ಅಂದಿನಿಂದ ಬಂತು.

ಆಡಿದ ಮಾತಿನಂತೆ ಮದುವೆಯೂ ಆಯಿತು. ಪುರೋಹಿತ ಹೇಳಿದ ಒಂದೊಂದು ಮಂತ್ರಕ್ಕೂ ಮದುಮಗ "ಹಾಗಂದರೇನು?" ಎಂದ, ಮದುಮಗಳು "ಇನ್ನೊಂದು ಸಲ ಹೇಳಿ" ಎಂದಳು. ಮುಹೂರ್ತ ಮೀರಿತು. ಬೆಟ್ಟದೆತ್ತರ ಬಡಿಸಿಟ್ಟ ಮೊಸರನ್ನ ಹುಳಿಯಾಯಿತು. ಬೇಗ ಮುಗಿಸಿ ಎನ್ನಲು ಹೊನ್ನಗುಡ್ಡದಲ್ಲಿ ಒಬ್ಬನಿಗೂ ಬಾಯಿ ಬರಲಿಲ್ಲ.