ಮೊದಲು ಇಟ್ಟ ಹೆಸರು

ಸಣ್ಣತಾಯಮ್ಮನಿಗೆ ಒಬ್ಬನೇ ಮಗ. ತೊಟ್ಟಿಲಿಗೆ ಹಾಕಿದಾಗ ಇಟ್ಟ ಹೆಸರು ಚೆಲುವಯ್ಯ. ಆದರೆ ಹುಟ್ಟಿದ ಗಳಿಗೆಯಲ್ಲೇ ಅವನು ಹಾಲು ಬಿಟ್ಟು ಸೂಲಗಿತ್ತಿಯ ಮೂಗು ಚೀಪಿದ್ದ. ತಾಯಿ "ಅಯ್ಯೋ ನನ್ನ ಪೆದ್ದ!" ಅಂದಿದ್ದಳು. ಇದು ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ಹೇಗೂ ನನಗೆ ಮೀಸೆ ಇಲ್ಲ.

ದೊಡ್ಡವನಾದ ಮೇಲೆ ಅವನಿಗೆ ಸಿಕ್ಕ ಕೆಲಸವೆಲ್ಲ ಸಂಜೆಯೊಳಗೆ ಹೋಗುತ್ತಿತ್ತು. ಆದರೂ ಅಕ್ಷರ ಮಾತ್ರ ಮುತ್ತು! ಅದಕ್ಕೇ ಕೆರೆಯಂಚಿನ ಹಕ್ಕಿತೋಟದ ವೃಷಭಯ್ಯ ಮೇಷ್ಟ್ರು ಕರೆದರು. ಗೂಡಿದ್ದ ಕಡೆಯೆಲ್ಲ ಬೋರ್ಡು ಬರೆದು ಕಟ್ಟಬೇಕು: ಶಾಸ್ತ್ರದ ಹೆಸರು, ಅರ್ಥ, ಹೆಸರಿಟ್ಟವರು.

"ಇದೊಂದನ್ನಾದ್ರೂ ಉಳಿಸ್ಕೊಳ್ಳೋ," ಅಂದಳು ತಾಯಿ. "ನಾನು ಹೋದ ಮೇಲೆ ನಿನಗೆ ಅನ್ನ ಹಾಕೋರು ಯಾರು? ಹೇಳಿದ್ದನ್ನ ಹೇಳಿದ ಹಾಗೇ ಮಾಡು!"

"ಆಗ್ಲಿ ಅವ್ವ."

ಮೊದಲು ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗ. "ಆರ್ಥೊಟೋಮಸ್ ಸುಟೋರಿಯಸ್," ಅಂದರು ಮೇಷ್ಟ್ರು. "ಸುಟೋರಿಯಸ್ ಅಂದ್ರೆ ಲ್ಯಾಟಿನ್‌ನಲ್ಲಿ ಚಪ್ಪಲಿ ಹೊಲಿಯೋರದ್ದು."

ಬೆಳಗ್ಗೆ ನೋಡಿದರೆ ಬೋರ್ಡಿನ ಜೊತೆ ಸಣ್ಣತಾಯಮ್ಮನ ಚಪ್ಪಲಿ ನೇತಾಡುತ್ತಿದೆ! ಹಕ್ಕಿ ಬೇಲಿ ಮೇಲೆ ಕೂತು ಬಾಯಿ ಬಡಿದುಕೊಳ್ಳುತ್ತಿದೆ!

"ಏನೋ ಇದು?"

"ಉಂಗುಟ ಕಿತ್ತಿದೆ ಸಾರ್. ಅವಸರ ಇಲ್ಲ, ನಿಧಾನವಾಗಿ ಹೊಲೀಲಿ."

"ಬರೀ ಹೆಸರು ನಂಬ್ತಾರೇನೋ! ಹಕ್ಕಿಯನ್ನ ಕಣ್ಣಾರೆ ನೋಡೋ!"

"ಆಗ್ಲಿ ಸಾರ್."

ಆಮೇಲೆ ಹೆಬ್ಬೆರಳಷ್ಟು ಬದನಿಕೆ ಹಕ್ಕಿ. "ಎರಿಥ್ರೋರಿಂಕೋಸ್. ಗ್ರೀಕ್ ಮಾತು. ಕೆಂಪು ಕೊಕ್ಕಿನದು."

ಪೆದ್ದ ಬೋರ್ಡು ಬರೆದ. ಹಕ್ಕಿಯನ್ನು ಕಣ್ಣಾರೆ ನೋಡಿದ. ಬಗ್ಗಿ ನೋಡಿದ, ಮರ ಹತ್ತಿ ನೋಡಿದ.

"ಬೋರ್ಡೆಲ್ಲೋ?" ಅಂದರು ಮೇಷ್ಟ್ರು, ಟೀ ಕುಡಿಯುತ್ತ.

"ಆ ಟೀ ಕಾಯಿಸಿದ್ದು ಅದರಲ್ಲೇ ಸಾರ್. ಸುಳ್ಳು ಬೋರ್ಡು. ಕೊಕ್ಕು ಕೆಂಪಗಿಲ್ಲ."

"ಇಲ್ಲ ಅಂತ ನನಗೂ ಗೊತ್ತು ಕಣೋ! ಇಟ್ಟವನು ಏನು ನೋಡಿದನೋ! ಆದರೆ ಶಾಸ್ತ್ರದಲ್ಲಿ ಮೊದಲು ಇಟ್ಟ ಹೆಸರೇ ಹೆಸರು. ಅರ್ಥ ತಪ್ಪಿದ್ರೂ ಬದಲಾಯಿಸೋ ಹಾಗಿಲ್ಲ. ನಾಳೆ ಇಲಾಖೆ ಸಾಹೇಬರು ಬರ್ತಾರೆ. ತೋಟದಲ್ಲಿ ಬೋರ್ಡಿಲ್ಲದ ಜೀವ ಒಂದೂ ಇರಕೂಡದು! ಅವರು ಒಪ್ಪಿದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ಮನೆಗೆ ನಡಿ!"

"ಆಗ್ಲಿ ಸಾರ್."

ಸಾಹೇಬರು ಬಂದರು. ಸಣ್ಣತಾಯಮ್ಮ ಬೇಲಿ ಪಕ್ಕ ಸೆರಗು ಕಚ್ಚಿ ನಿಂತಿದ್ದಳು. ಗೇಟಿನಲ್ಲಿ ಪೆದ್ದ, ಅವನ ಕೊರಳಲ್ಲಿ ಬೋರ್ಡು. ಸಾಹೇಬರು ಗಟ್ಟಿಯಾಗಿ ಓದಿದರು:

"ಪೆದ್ದ. ಅರ್ಥ: ಬುದ್ಧಿ ಇಲ್ಲದವನು. ಹೆಸರಿಟ್ಟವರು: ಸಣ್ಣತಾಯಮ್ಮ."

ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. ಸಣ್ಣತಾಯಮ್ಮ ಓಡಿ ಬಂದಳು. "ಅಲ್ಲ ಸ್ವಾಮಿ! ಅವನ ಹೆಸರು ಚೆಲುವಯ್ಯ!"

"ಅದು ಆಮೇಲೆ ಇಟ್ಟಿದ್ದು ಅವ್ವ. ನಡೆಯಲ್ಲ."

"ನಾನೇನೋ ಬಾಯ್ತಪ್ಪಿ ಅಂದೆ ಕಣೋ! ನೀನು ಪೆದ್ದ ಅಲ್ಲ!"

"ತಪ್ಪಿದ್ರೆ ತಪ್ಪಿರಲಿ ಬಿಡವ್ವ. ಬದನಿಕೆ ಹಕ್ಕಿ ಬೇಜಾರು ಮಾಡ್ಕೊಂಡಿದೆಯಾ?"

ತಾಯಿಯ ಕಣ್ಣು ತುಂಬಿತು. ಸಾಹೇಬರು ನಕ್ಕು ನಕ್ಕು ಗೇಟು ಹಿಡಿದುಕೊಂಡರು. "ಮೇಷ್ಟ್ರೇ, ಇವನು ಇಲ್ಲೇ ಇರಲಿ, ಖಾಯಂ! ಹೋಗಮ್ಮ, ಮಗನಿಗೆ ಹೊಟ್ಟೆ ತುಂಬ ಊಟ ಹಾಕು."

ಮನೆಗೆ ಬಂದು ಸಣ್ಣತಾಯಮ್ಮ ಬಿಸಿ ಮುದ್ದೆ ಬಡಿಸಿದಳು. ಬಗ್ಗಿದರೆ ಕೊರಳ ಬೋರ್ಡು ಸಾರಲ್ಲಿ ಮುಳುಗುತ್ತದೆ.

"ಉಣ್ಣೋವಾಗಲಾದ್ರೂ ಅದನ್ನ ತೆಗೆಯೋ, ನನ್ನ ಚಿನ್ನ!"

ಪೆದ್ದ ತುತ್ತು ಬಿಟ್ಟು ಎದ್ದ. ಅಟ್ಟ ನೋಡಿದ, ಒಲೆಯ ಹಿಂದೆ ನೋಡಿದ.

"ಎಲ್ಲಿದೆ ಅವ್ವ ಆ ಚಿನ್ನ? ಅದಕ್ಕಿನ್ನೂ ಬೋರ್ಡೇ ಕಟ್ಟಿಲ್ಲ!"