ಅಂಗಳದ ಪಂಕ್ತಿ

ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನಮ್ಮ ಬಾಗಿಲು ಯಾರಿಗೂ ಮುಚ್ಚಿಲ್ಲ. ಮೂರು ಸಲ ಡಂಗುರ ಹೊಡೆಸಿದ್ದೇನೆ. ಆದರೂ ಕೆಳಗಿನ ಕೇರಿಯಿಂದ ಒಬ್ಬರೂ ಊಟಕ್ಕೆ ಬರುವುದಿಲ್ಲ. ಇನ್ನೇನು ಮಾಡಲಿ?"

ಗುರುಗಳು ಅವನನ್ನು ಕೂರಲು ಹೇಳಿ ಕತೆ ತೆಗೆದರು.

ಹೊಳೆದಂಡೆಯ ಒಂದೂರಲ್ಲಿ ಒಬ್ಬ ವರ್ತಕನಿದ್ದ. ಒಂದು ವರ್ಷ ಹೊಳೆ ಉಕ್ಕಿ, ನೆಲದೊಳಗೆ ಜೋಳ ತುಂಬಿಡುವ ಹಗೇವುಗಳಿಗೆ ನೀರು ನುಗ್ಗಿತು. ಹಾಳಾದದ್ದು ಕೆಳಗಿನ ಕೇರಿಯ ಹಗೇವುಗಳು ಮಾತ್ರ. ಮೇಲಿನ ಕೇರಿಯವು ದಿಬ್ಬದ ಮೇಲಿದ್ದವು. ಯಾರಿಗೆ ಯಾವ ಜಾಗ ಎಂದು ಹಿಂದೆ ಯಾರು ಗೊತ್ತುಮಾಡಿದ್ದರೋ, ಅದನ್ನು ಯಾರೂ ಕೇಳಲಿಲ್ಲ.

ವರ್ತಕ ಒಳ್ಳೆಯವನು. ಕುಹಕದಿಂದ ಹೇಳುತ್ತಿಲ್ಲ, ನಿಜಕ್ಕೂ ಒಳ್ಳೆಯವನು. ಹಸಿದವರಿಗೆಂದು ಊಟದ ಮನೆ ತೆರೆದ. ಎಲ್ಲಿ ತೆರೆಯಬೇಕು, ಹೇಗೆ ಬಡಿಸಬೇಕು ಎಂದು ಮೇಲಿನ ಕೇರಿಯ ಹಿರಿಯರನ್ನು ಕೇಳಿದ. ಉಣ್ಣುವವರನ್ನು ಕೇಳಲಿಲ್ಲ. ಹಸಿವಿಗೆ ಅನ್ನ ಹಾಕುವುದಕ್ಕೆ ಕೇಳುವುದೇನಿದೆ ಎಂದುಕೊಂಡ. ಹಿರಿಯರು ಎರಡು ಪಂಕ್ತಿ ಮಾಡಿಸಿದರು, ಒಂದು ಪಡಸಾಲೆಯಲ್ಲಿ, ಇನ್ನೊಂದು ಕೆಳಗಿನ ಕೇರಿಯವರಿಗೆಂದು ಅಂಗಳದಲ್ಲಿ. ಅಂಗಳದವರಿಗೆ ಸೌಟು ತಾಗದಂತೆ ಮೇಲಿನಿಂದ ಸುರಿಯುತ್ತಿದ್ದರು.

ಕೆಳಗಿನ ಕೇರಿಯವರು ಮೊದಲ ದಿನ ಬಂದರು. ಎರಡನೆಯ ದಿನ ಬರಲಿಲ್ಲ. ಮುಗ್ಗಲು ಹಿಡಿದ ಜೋಳವನ್ನೇ ತೊಳೆದು, ಒಣಗಿಸಿ, ಬೀಸಿ ತಿಂದರು.

"ಹಸಿದವರಿಗೂ ಇಷ್ಟು ಸೊಕ್ಕೇ?" ಎಂದು ವರ್ತಕ ಸಿಟ್ಟಾದ. ಆದರೂ ಮನಸ್ಸು ತಡೆಯದೆ ಕೇರಿಗೆ ಹೋದ. ಗಾಳೆವ್ವ ಎಂಬ ಮುದುಕಿ ಆ ಜೋಳದ ಹಿಟ್ಟಿನಲ್ಲೇ ರೊಟ್ಟಿ ಬಡಿಯುತ್ತಿದ್ದಳು.

"ಸಾವ್ಕಾರ್ರ, ಅಂಗಳದಾಗ ಉಣ್ಣೂದು ನಮ್ಮ ಮಕ್ಕಳಿಗೆ ರೂಢಿ ಆಗೂದು ಬ್ಯಾಡ ಅಂತ ಕೇರಿ ಮಂದಿ ಕೂಡಿ ಮಾತಾಡೀವಿ," ಎಂದಳು. "ಛಲೋ ಜ್ವಾಳ ಕೊಡ್ರಿ. ನಾವ ರೊಟ್ಟಿ ಬಡದು, ಊರಿಗೆಲ್ಲ ನಾವ ನೀಡ್ತೀವಿ. ನೀವೂ ಬಂದು ಉಣ್ರಿ."

"ಜ್ವಾಳಕ್ಕ ನನ್ನ ತಕರಾರಿಲ್ಲವ್ವ. ಉಣ್ಣೂದು... ಮ್ಯಾಲಿನ ಕೇರಿಯವ್ರನ್ನ ಒಂದು ಮಾತು ಕೇಳಿ ಹೇಳ್ತೀನಿ."

ಕೇಳಿದ. ಅಮಾವಾಸ್ಯೆ ಕಳೆಯಲಿ ಎಂದರು. ಅಮಾವಾಸ್ಯೆ ಕಳೆದ ಮೇಲೆ, ಹುಣ್ಣಿಮೆ ಕಳೆಯಲಿ ಎಂದರು. ಒಬ್ಬನೇ ಹೋಗಿ ಕುಳಿತು ಒಂದು ರೊಟ್ಟಿ ತಿನ್ನುವ ಧೈರ್ಯ ಅವನಿಗೆ ಬರಲಿಲ್ಲ. ಜೋಳವನ್ನಾದರೂ ಕಳಿಸಬಹುದಿತ್ತು, ಎರಡೂ ಒಟ್ಟಿಗೆ ತೀರ್ಮಾನವಾಗಲಿ ಎಂದು ಅದನ್ನೂ ತಡೆದ. ಅಷ್ಟರಲ್ಲಿ ಕೇರಿಯಲ್ಲಿ ವಾಂತಿಭೇದಿ ಎದ್ದಿತು. ಮೊದಲು ಸತ್ತವಳು ಗಾಳೆವ್ವ.

ವರ್ತಕ ಅಂದೇ ಬಂಡಿ ತುಂಬ ಜೋಳ ಹೇರಿಸಿಕೊಂಡು ಬಂದ. ಕೇರಿಯವರು ಇಳಿಸಿಕೊಂಡರು. ಬಂಡಿ ಖಾಲಿಯಾದರೂ ಅವನು ಹೋಗಲಿಲ್ಲ, ಸಂಜೆಯವರೆಗೆ ಅಲ್ಲೇ ನಿಂತ. ಮನೆಮನೆಯಲ್ಲೂ ಒಲೆ ಹೊತ್ತಿತು, ರೊಟ್ಟಿ ಬಡಿಯುವ ಸದ್ದು ಕೇಳಿತು. ಯಾರೂ ಅವನನ್ನು ಉಣ್ಣಲು ಕರೆಯಲಿಲ್ಲ.

ಗುರುಗಳು ಕತೆ ಮುಗಿಸಿ ಹೇಳಿದರು: "ಅವನನ್ನು ನೆನೆದರೆ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು."

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವನದು ತಪ್ಪೇ, ಬುದ್ಧಿ. ಆದರೆ ನಮ್ಮಲ್ಲಿ ಪಡಸಾಲೆ, ಅಂಗಳ ಎಂಬ ಭೇದವಿಲ್ಲ. ಎಲ್ಲರಿಗೂ ಒಂದೇ ಪಂಕ್ತಿ. ನಾನೇ ನಿಂತು ಬಡಿಸುತ್ತೇನೆ."

"ಕೆಳಗಿನ ಕೇರಿಯವರು ಬಡಿಸಿದ್ದನ್ನು ನೀನು ಉಂಡದ್ದು ಯಾವಾಗ, ಮಗು?" ಎಂದರು ಗುರುಗಳು.