ಜಟ್ಟು ಹಾಕಿದ ಕೆಂಪು ಗುರುತು

ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ ಮಾಸ್ತಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಂದು ದೋಣಿ, ಒಬ್ಬ ಮಗ. ದೋಣಿ ಚೆನ್ನಾಗಿತ್ತು. ಮಗ ಜಟ್ಟು ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅಪ್ಪ ಸತ್ತ ಮೇಲೆ ಆಚೆ ದಡದ ಪೇಟೆಗೆ ಮೀನು ಸಾಗಿಸುವ ಕೆಲಸ ಅವನಿಗೇ ಬಂತು. ದಾರಿ ತಪ್ಪಬಾರದು ಅಂತ ಸೋದರಮಾವ ಹೊನ್ನಪ್ಪ ಮೊಬೈಲಿನಲ್ಲಿ ಹೊಳೆಯ ನಕ್ಷೆ ಹಾಕಿಕೊಟ್ಟ.

"ನೀಲಿ ಗೆರೆ ಇದೆಯಲ್ಲ, ಅದರ ಮೇಲೇ ಹೋಗು," ಅಂದಳು ತಾಯಿ.

ಜಟ್ಟು ಗೆರೆಯ ಮೇಲೇ ಹೋದ. ಗೆರೆಗೆ ಅಡ್ಡವಾಗಿ ಮಾವ ಬಲೆ ಕಟ್ಟಿದ್ದ. ಬಲೆಯ ಮೇಲೂ ಹೋದ. ಬಲೆ ಹರಿದು ಚೂರಾಯಿತು.

"ಮೊಬೈಲ್ ನೋಡಿದರೆ ಸಾಕೇನೋ? ಮುಂದೆ ಏನಾದರೂ ಕಂಡರೆ ನಿಲ್ಲಿಸಬೇಕು," ಅಂತ ತಾಯಿ ಬೈದಳು.

"ಆಯ್ತವ್ವ."

ಮಾರನೇ ದಿನ ಬುಟ್ಟಿ ತುಂಬ ಬಂಗುಡೆ ಮೀನು. ನಡುಹೊಳೆಗೆ ಬರುವಾಗ ಮುಂದೆ ಏನೋ ಕಂಡಿತು. ಆಚೆ ದಡ. ಜಟ್ಟು ನಿಲ್ಲಿಸಿದ, ಲಂಗರು ಬಿಟ್ಟು ಕೂತ. ಸಂಜೆವರೆಗೂ ದಡ ಸರಿಯಲಿಲ್ಲ, ಇವನೂ ಸರಿಯಲಿಲ್ಲ. ಬಂಗುಡೆ ನಾರಿತು.

ತಾಯಿ ಹಣೆ ಚಚ್ಚಿಕೊಂಡಳು. "ಹೊರಟ ಮೇಲೆ ದಡ ಮುಟ್ಟೋವರೆಗೆ ಎಲ್ಲೂ ನಿಲ್ಲಿಸಬೇಡ ಮಾರಾಯ."

"ಆಯ್ತವ್ವ."

ಮತ್ತೆ ಹೋದ. ಅಲೆಗೆ ದೋಣಿ ವಾಲಿ, ಹಗ್ಗ ಬಿಚ್ಚಿ ಲಂಗರು ನೀರಿಗೆ ಬಿತ್ತು. ನೋಡಿದ, ನಿಲ್ಲಿಸಲಿಲ್ಲ.

"ಎಲ್ಲಿ ಬಿತ್ತೋ?" ಅಂತ ಮಾವ ಕೇಳಿದ.

"ನೀರಲ್ಲಿ."

ಮಾವ ನಿಟ್ಟುಸಿರು ಬಿಟ್ಟು ಮೊಬೈಲ್ ತೋರಿಸಿದ. "ಏನಾದರೂ ಬಿದ್ದರೆ ಗಾಬರಿಯಾಗಬೇಡ. ಇಲ್ಲಿ ಒತ್ತು, ಬಿದ್ದ ಜಾಗಕ್ಕೆ ಕೆಂಪು ಗುರುತು ಬೀಳ್ತದೆ. ಮನೆಗೆ ಬಂದು ಹೇಳು. ಇಬ್ಬರೂ ಹೋಗಿ ತರುವ."

ಇವನನ್ನು ನಂಬಿದರೆ ಆಗದು ಅಂತ ಮಾರನೇ ದಿನ ಮಾಸ್ತಮ್ಮ ತಾನೂ ದೋಣಿ ಹತ್ತಿದಳು. ನಡುಹೊಳೆಯಲ್ಲಿ ಸೆಳೆತಕ್ಕೆ ದೋಣಿ ಹೊಯ್ದಾಡಿ ಅವಳು ನೀರಿಗೆ ಬಿದ್ದಳು.

"ಜಟ್ಟೂ, ಕೈ ಕೊಡೋ!"

ಜಟ್ಟು ಗಾಬರಿಯಾಗಲಿಲ್ಲ. ಮೊಬೈಲ್ ತೆಗೆದು ಒತ್ತಿದ.

"ಗುರುತು ಹಾಕಿದೆ ಅವ್ವ, ಹೆದರಬೇಡ," ಅಂದವನೇ ದೋಣಿ ತಿರುಗಿಸಿಕೊಂಡು ಮನೆಗೆ ಹೋದ.

ಪುಣ್ಯಕ್ಕೆ ಕಾಲಿಗೆ ಮರಳಿನ ದಿಬ್ಬ ಸಿಕ್ಕಿತು. ಕುತ್ತಿಗೆಮಟ್ಟ ನೀರಲ್ಲಿ ನಿಂತು ಕೂಗಿ ಕೂಗಿ ಅವಳ ಗಂಟಲು ಬಿದ್ದುಹೋಯಿತು. ಕೊನೆಗೆ ಯಾರೋ ತಮ್ಮ ದೋಣಿಗೆ ಎಳೆದುಕೊಂಡರು.

ಅವಳು ನೀರು ಸುರಿಸುತ್ತ ದಡಕ್ಕೆ ಬಂದಾಗ ಜಟ್ಟು ಮಾವನ ಕೈ ಹಿಡಿದು ದೋಣಿ ಕಡೆಗೆ ಎಳೆಯುತ್ತಿದ್ದ.

"ಇಲ್ಲಿ ನೋಡೋ, ಬಂದಿದ್ದೇನೆ," ಅಂದಳು.

ಜಟ್ಟು ತಾಯಿಯನ್ನು ನೋಡಿದ. ಮೊಬೈಲ್ ನೋಡಿದ. ಕೆಂಪು ಗುರುತು ನಡುಹೊಳೆಯಲ್ಲೇ ಇತ್ತು. ಅವನ ಕಣ್ಣಲ್ಲಿ ನೀರು ಬಂತು.

"ಇಲ್ಲವ್ವ, ನೀನಿನ್ನೂ ಅಲ್ಲೇ ಇದ್ದೀ. ತಡಿ, ಕರಕೊಂಡು ಬರ್ತೇನೆ," ಅಂದ, ಒಬ್ಬನೇ ದೋಣಿ ನೂಕಿಕೊಂಡು ಹೊರಟೇಬಿಟ್ಟ.